ಪಕ್ಕವಾದ್ಯಕ್ಕೆ ಕೂತ ಗಾಯಕ

— ದೊಡ್ಡಪ್ಪ, ಮುಖ ನೋಡಿದರೆ ನಿಮಗೆ ಪೂರ್ತಿ ಒಪ್ಪಿಗೆಯಾದ ಹಾಗೆ ಕಾಣೋದಿಲ್ಲ.

— ಹಾಡು ಒಪ್ಪಿಗೆಯಾಯಿತು. ಹಾಡಿದವನ ಕಂಠ ಅದಕ್ಕಿಂತ ಹೆಚ್ಚು ಒಪ್ಪಿಗೆಯಾಯಿತು. ಮೇಲಿನ ಸ್ಥಾಯಿಗೆ ಹೋದಾಗಲೂ ಕೆಳಗಿನದೇ ತೂಕ, ಎಲ್ಲೂ ಬಲವಂತ ಇಲ್ಲ. ನನಗೆ ಅಡ್ಡ ಬಂದದ್ದು ಜನ. ಅವನು ಸಾಲು ಎತ್ತೋದೇ ತಡ, ಹೆಂಗಸರು ಕೂಗಿಕೊಳ್ತಾರೆ. ನಡುನಡುವೆ ಯಾರೋ ಏನೋ ಅಂತಾರೆ. ಚಪ್ಪಾಳೆ ಶುರುವಾದರೆ ನಿಲ್ಲೋದೇ ಇಲ್ಲ. ನಾವು ಕಛೇರಿ ರೆಕಾರ್ಡ್ ಮಾಡಿದರೆ ಯಾರೋ ಕೆಮ್ಮಿದ ಸದ್ದನ್ನೂ ತೆಗೆಸೋಕೆ ನೋಡ್ತೀವಿ. ಇವರು ಇಷ್ಟೊಂದು ಗದ್ದಲವನ್ನು ಯಾಕೆ ಉಳಿಸಿಕೊಂಡರು?

— ಅದನ್ನು ತೆಗೆದರೆ ಈ ಆಲ್ಬಮ್ಮೇ ಉಳಿಯೋದಿಲ್ಲ, ಅದಕ್ಕೆ. ಡಾನಿ ಹ್ಯಾಥವೇಯ 'ಲೈವ್' ಇದು, 1972ರಲ್ಲಿ ಅಟ್ಕೋ ಕಂಪನಿ ಹೊರತಂದದ್ದು. ಐವತ್ತು ವರ್ಷ ದಾಟಿತು. ಇವತ್ತಿಗೂ ಸೋಲ್, ಫಂಕ್ ಕೇಳೋರು ನಾಲ್ಕು ಜನ ಸೇರಿದ ಕಡೆ ಇದರ ಹೆಸರು ಬಂದರೆ ಸಾಕು, ಒಬ್ಬೊಬ್ಬರೂ ತಮಗೆ ಪ್ರಿಯವಾದ ಒಂದೊಂದು ಗಳಿಗೆಯನ್ನು ಹೇಳೋಕೆ ಶುರು ಮಾಡ್ತಾರೆ. ಇನ್ನೊಬ್ಬರು ಹೇಳಿ ಮುಗಿಸೋವರೆಗೂ ಕಾಯೋ ತಾಳ್ಮೆ ಇರೋದಿಲ್ಲ ಯಾರಿಗೂ. ಆ ಗಳಿಗೆಗಳಲ್ಲಿ ಬಹಳಷ್ಟು ಹ್ಯಾಥವೇ ಹಾಡಿದ್ದಲ್ಲ. ಎದುರಿಗೆ ಕೂತಿದ್ದವರು ಮಾಡಿದ್ದು.

— ನನ್ನ ಅನುಮಾನವೂ ಅದೇ ಮಗಳೇ. ಆವತ್ತು ಆ ಕೋಣೆಯಲ್ಲಿದ್ದವರ ಉತ್ಸಾಹ ನಿಜ, ಒಪ್ಪಿದೆ. ಈಗ ಕೇಳಿ ಕುಣಿಯೋರದ್ದು ಅವರಿಂದ ಕಡ ತಂದ ಉತ್ಸಾಹ ಅಲ್ಲವಾ? ಪಕ್ಕದವನು ತಲೆದೂಗಿದ ಅಂತ ತಾನೂ ತಲೆದೂಗೋರು ನಮ್ಮ ಸಭೆಗಳಲ್ಲೂ ಇದ್ದಾರೆ.

— ಕಡ ತಂದ ಉತ್ಸಾಹ ಒಂದೆರಡು ಸಲಕ್ಕೆ ಖರ್ಚಾಗಿ ಹೋಗುತ್ತೆ. ಇಷ್ಟು ವರ್ಷ ಬಾಳೋದಿಲ್ಲ. ಮೊದಲು ಆ ಕೋಣೆಯ ವಿಷಯ ಹೇಳ್ತೀನಿ ಕೇಳಿ. ಕೋಣೆ ಒಂದಲ್ಲ, ಎರಡು. ಎಲ್‌ಪಿಯ ಮೊದಲನೇ ಬದಿಯ ನಾಲ್ಕು ಹಾಡು ಲಾಸ್ ಏಂಜಲೀಸ್ ಕಡೆಯ ಟ್ರುಬಡೂರ್ ಕ್ಲಬ್ಬಿನವು, 1971ರ ಆಗಸ್ಟ್. ಎರಡನೇ ಬದಿಯ ನಾಲ್ಕು ನ್ಯೂಯಾರ್ಕಿನ ಗ್ರೀನಿಚ್ ವಿಲೇಜಿನಲ್ಲಿರೋ ಬಿಟರ್ ಎಂಡ್ ಕ್ಲಬ್ಬಿನವು, ಅದೇ ವರ್ಷದ ಅಕ್ಟೋಬರ್. ಎರಡೂ ಸಣ್ಣ ಜಾಗ. ಕೆಲವೇ ನೂರು ಜನ ಹಿಡಿಸ್ತಾರೆ, ಮುಂದಿನ ಮೇಜಿನವರಿಗೆ ಹಾಡುಗಾರ ಉಸಿರು ಎಳೆದುಕೊಂಡದ್ದೂ ಕೇಳಿಸುತ್ತೆ. ಎರಡೂ ಹೆಸರು ಮಾಡಿದ್ದು ಗಿಟಾರ್ ಹಿಡಿದು ಜಾನಪದದ ಧಾಟಿಯಲ್ಲಿ ಹಾಡೋರಿಂದ. ಅಂಥ ಕಡೆ ಕೊಂಗಾ, ಡ್ರಮ್ಸ್, ಎರಡು ಗಿಟಾರ್, ಬಾಸ್, ಎಲೆಕ್ಟ್ರಿಕ್ ಪಿಯಾನೋ ಎಲ್ಲವನ್ನೂ ಹೂಡಿಕೊಂಡು ಇವನು ಕೂತ. ಕೇಳೋರಿಗೂ ವಾದ್ಯಗಳಿಗೂ ನಡುವೆ ದೂರ ಅನ್ನೋದೇ ಇರಲಿಲ್ಲ.

— ಮೈಕು ವಾದ್ಯಕ್ಕೆ ಇಟ್ಟರೂ ಜನ ಬೀಳ್ತಾರೆ ಅನ್ನು.

— ಬೀಳ್ತಾರೆ. ಬಿದ್ದದ್ದನ್ನು ಹಾಗೇ ಬಿಟ್ಟವರು ಜೆರಿ ವೆಕ್ಸ್ಲರ್ ಮತ್ತು ಅರಿಫ್ ಮಾರ್ಡಿನ್, ನಿರ್ಮಾಪಕರು. ಮಾರ್ಡಿನ್ ಇಸ್ತಾಂಬುಲ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದವರು. ಮೂವತ್ತು ವರ್ಷ ಕಳೆದ ಮೇಲೆ ನಮ್ಮ ರವಿಶಂಕರ್ ಮಗಳು ನೋರಾ ಜೋನ್ಸ್ ಅವರ ಮೊದಲ ಆಲ್ಬಮ್ಮಿಗೂ ಅವರೇ ನಿರ್ಮಾಪಕರು. ಅದನ್ನು ಕೇಳಿ ನೋಡಿ, ಅಲ್ಲೂ ಹಾಡೋರ ಸುತ್ತ ಜಾಗ ಬಿಡೋದು ಅವರಿಗೆ ಗೊತ್ತು ಅಂತ ಗೊತ್ತಾಗುತ್ತೆ.

— ಹಾಡುಗಾರ ಎಲ್ಲಿಯವನು?

— ಹುಟ್ಟಿದ್ದು ಷಿಕಾಗೊದಲ್ಲಿ, 1945. ಬೆಳೆದದ್ದು ಸೇಂಟ್ ಲೂಯಿಸಿನಲ್ಲಿ, ಅಜ್ಜಿಯ ಮನೆಯಲ್ಲಿ. ಅಜ್ಜಿ ಚರ್ಚಿನಲ್ಲಿ ಗಾಸ್ಪೆಲ್ ಹಾಡ್ತಿದ್ದರು. ಇವನೂ ಮಾತು ಕಲಿಯೋ ವಯಸ್ಸಿಗೇ ಅವರ ಜೊತೆ ಹಾಡೋಕೆ ನಿಂತ. ಆಮೇಲೆ ವಿದ್ಯಾರ್ಥಿವೇತನ ಸಿಕ್ಕಿ ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಸಂಗೀತ ಓದಿದ. ಅಲ್ಲಿ ಜೊತೆಗಿದ್ದವರಲ್ಲಿ ರಾಬರ್ಟಾ ಫ್ಲ್ಯಾಕ್ ಒಬ್ಬರು. ಮುಂದೆ ಇಬ್ಬರೂ ಸೇರಿ ಹಾಡಿದ ಯುಗಳಗೀತೆಗಳು ತುಂಬಾ ಹೆಸರು ಮಾಡಿದವು. ಷಿಕಾಗೊಕ್ಕೆ ವಾಪಸ್ಸು ಬಂದು ಕರ್ಟಿಸ್ ಮೇಫೀಲ್ಡ್ ಅವರ ಕಂಪನಿಯಲ್ಲಿ ಬೇರೆಯವರ ಹಾಡುಗಳಿಗೆ ವಾದ್ಯಸಂಯೋಜನೆ ಮಾಡಿದ. ಅಂದರೆ ಸ್ವಂತ ಹೆಸರಿನ ಹಾಡಿಗಿಂತ ಮೊದಲು ಇನ್ನೊಬ್ಬರ ಹಾಡನ್ನು ಎತ್ತಿ ನಿಲ್ಲಿಸೋ ಕೆಲಸ ಕಲಿತವನು.

— ಹಾಗೆ ಹೇಳು. ಅದು ನುಡಿಸಾಣಿಕೆಯಲ್ಲೇ ಗೊತ್ತಾಗ್ತಿತ್ತು. ಆ ಪಿಯಾನೋ ಯಾವುದು? ಮೆತ್ತಗೆ ಮುಟ್ಟಿದರೆ ಗಂಟೆಯ ಹಾಗೆ ಕೇಳುತ್ತೆ, ಜೋರಾಗಿ ಒತ್ತಿದರೆ ಗೊರಗೊರ ಅನ್ನುತ್ತೆ.

— ವರ್ಲಿಟ್ಜರ್. ಒಳಗೆ ತಂತಿ ಇಲ್ಲ, ಉಕ್ಕಿನ ಸಣ್ಣ ಸಣ್ಣ ಪಟ್ಟಿಗಳಿರುತ್ತವೆ. ಸುತ್ತಿಗೆ ಆ ಪಟ್ಟಿಗೆ ಬಡಿಯುತ್ತೆ, ಅದರ ಕಂಪನವನ್ನು ವಿದ್ಯುತ್ತಿನ ಮೂಲಕ ಹಿಡೀತಾರೆ. ಜೋರಾಗಿ ಬಡಿದರೆ ಧ್ವನಿ ಒಡೆಯುತ್ತೆ. ಆ ಒಡಕನ್ನೇ ಈ ಜನ ಪ್ರೀತಿಸೋದು. ಹ್ಯಾಥವೇ ಬೆರಳಿನ ಭಾರದಲ್ಲೇ ಅದನ್ನು ಪಳಗಿಸಿಕೊಂಡಿದ್ದ.

— ಸರಿ, ಈಗ ಜನರ ವಿಷಯಕ್ಕೆ ಬಾ. ನಾನು ಮೃದಂಗ ಹಿಡಿದವನು, ಮೊದಲು ಕೇಳಿಸೋದು ತಾಳ. ಎರಡನೇ ಹಾಡಿನಲ್ಲಿ, ಆ ಉದ್ದದ್ದು...

— 'ದಿ ಘೆಟ್ಟೋ'. ಹನ್ನೆರಡು ನಿಮಿಷದ್ದು.

— ಅದರಲ್ಲಿ ಜನ ಚಪ್ಪಾಳೆ ಹಾಕೋ ಜಾಗ ನೋಡಿದೆ. ನಾಲ್ಕು ಎಣಿಕೆ ಅಂತ ಇಟ್ಟುಕೋ. ಒಂದನ್ನು ಮುಟ್ಟೋದಿಲ್ಲ. ಎರಡು, ನಾಲ್ಕು, ಅಲ್ಲಿ ಬೀಳುತ್ತೆ ಪೆಟ್ಟು. ನಮ್ಮಲ್ಲಿ ಹಾಗಿಲ್ಲ. ಆದಿತಾಳ ಹಾಕೋವಾಗ ಒಂದು, ಐದು, ಏಳಕ್ಕೆ ಪೆಟ್ಟು, ಆವರ್ತ ಎಲ್ಲಿ ಶುರುವಾಯಿತು, ಎಲ್ಲಿ ಅರ್ಧಕ್ಕೆ ಬಂತು ಅನ್ನೋ ಲೆಕ್ಕ ಅದು. ಮುಂದಿನ ಸಾಲಿನಲ್ಲಿ ಕೂತು ತೊಡೆ ತಟ್ಟೋ ರಸಿಕ ನಮಗೆ ಸಮ ತೋರಿಸ್ತಿರ್ತಾನೆ. ಇಲ್ಲಿಯವರು ಸಮವನ್ನು ವಾದ್ಯದವರಿಗೆ ಬಿಟ್ಟುಬಿಟ್ಟಿದ್ದಾರೆ. ಖಾಲಿ ಉಳಿದ ಜಾಗ ತುಂಬ್ತಾರೆ.

— ಆ ಜಾಗವೇ ಈ ಸಂಗೀತದ ಬೆನ್ನುಮೂಳೆ ದೊಡ್ಡಪ್ಪ! ಡ್ರಮ್ಸಿನವನು ಸ್ನೇರ್ ಹೊಡೆಯೋದೂ ಅದೇ ಎರಡಕ್ಕೆ, ನಾಲ್ಕಕ್ಕೆ. ಜನರ ಚಪ್ಪಾಳೆ ಆ ಸ್ನೇರ್ ಜೊತೆ ಸೇರಿಕೊಳ್ಳುತ್ತೆ. ಇದು ಅವರಿಗೆ ಕ್ಲಬ್ಬಿನಲ್ಲಿ ಕಲಿಸಿದ್ದಲ್ಲ. ಕಪ್ಪು ಜನರ ಚರ್ಚುಗಳಲ್ಲಿ ಹೀಗೇ ಕೈ ತಟ್ಟೋದು, ಅಜ್ಜಿಯ ತೊಡೆಯ ಮೇಲೆ ಕೂತಾಗಲೇ ಕೈಗೆ ಹತ್ತೋ ಅಭ್ಯಾಸ. ಪಾದ್ರಿ ಒಂದು ಮಾತು ಎಸೀತಾರೆ, ಸಭೆ ಉತ್ತರ ಕೊಡುತ್ತೆ. ಗಾಯಕ ಒಂದು ಸಾಲು ಕೇಳ್ತಾನೆ, ಬೆಂಚಿನ ಮೇಲಿದ್ದವರು ಪೂರ್ತಿ ಮಾಡ್ತಾರೆ. ಸುಮ್ಮನೆ ಕೂತು ಕೇಳೋದು ಅಲ್ಲಿ ಮರ್ಯಾದೆಯಲ್ಲ. ಸುಮ್ಮನಿದ್ದರೆ ಹಾಡು ತಲುಪಲಿಲ್ಲ ಅಂತ ಅರ್ಥ. ನೀವು ಗದ್ದಲ ಅಂದಿರಲ್ಲ, ಅದು ಅವರ ಮನೆಯ ಶಿಸ್ತು.

— ಶಿಸ್ತು ಅಂದಮೇಲೆ ತಪ್ಪೋದೂ ಇರಬೇಕು.

— ಇದೆ. ಗೊತ್ತಿಲ್ಲದ ಜನ ಒಂದಕ್ಕೆ, ಮೂರಕ್ಕೆ ಚಪ್ಪಾಳೆ ಹಾಕಿದರೆ ಹಾಡು ಭಾರವಾಗಿ ನೆಲಕ್ಕೆ ಕೂರುತ್ತೆ. ನಾನು ಬಾಸ್ ನುಡಿಸೋವಾಗ ಅನುಭವಿಸಿದ್ದೀನಿ, ಕಾಲು ಕಟ್ಟಿದ ಹಾಗಾಗುತ್ತೆ. ಟ್ರುಬಡೂರಿನ ಜನ ಅದೆಷ್ಟು ಹೊತ್ತು ತಟ್ಟಿದರೂ ಓಡೋದಿಲ್ಲ, ಹಿಂದೆ ಬೀಳೋದಿಲ್ಲ. ಕೊಂಗಾ ಒಂದೇ ಮುಂದೆ ಬಂದಾಗ ಕೇಳಿ, ಅದನ್ನು ನುಡಿಸ್ತಿರೋದು ಅರ್ಲ್ ಡೆರೂಯೆನ್. ಅವನ ಕೈ ಯಾವ ಕಡೆ ಹೊರಳಿದರೂ ಕೆಳಗೆ ಜನರ ಕೈ ಅಲ್ಲಾಡದೆ ನಿಂತಿದೆ. ಆ ಹೊತ್ತಿಗೆ ಅವರು ಕೇಳುಗರಲ್ಲ. ಸಂಬಳ ಇಲ್ಲದ ಲಯವಾದ್ಯದವರು.

— ಹಾಗಂದರೆ ಅವರು ನನ್ನ ಕಡೆಯವರು. ಮೊದಲೇ ಹೇಳಬಾರದಿತ್ತಾ!

— ಇದಕ್ಕೆ ಒಂಬತ್ತು ವರ್ಷ ಮೊದಲೇ ಜೇಮ್ಸ್ ಬ್ರೌನ್ ಈ ದಾರಿ ತೋರಿಸಿದ್ದರು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರೋ ಅಪೊಲೊ ಥಿಯೇಟರಿನಲ್ಲಿ ರೆಕಾರ್ಡ್ ಮಾಡೋಣ ಅಂದರೆ ಕಿಂಗ್ ರೆಕಾರ್ಡ್ಸ್ ಮಾಲೀಕ ಸಿಡ್ ನೇಥನ್ ಒಪ್ಪಲಿಲ್ಲ. ಜನ ಆಗಲೇ ಕೊಂಡ ಹಾಡುಗಳನ್ನು ಗದ್ದಲದ ಜೊತೆ ಮತ್ತೆ ಯಾರು ಕೊಳ್ತಾರೆ ಅನ್ನೋ ಲೆಕ್ಕ ಅವರದ್ದು. ಬ್ರೌನ್ ಕೈಯಿಂದ ದುಡ್ಡು ಹಾಕಿ 1962ರ ಅಕ್ಟೋಬರ್ 24ರ ರಾತ್ರಿ ರೆಕಾರ್ಡ್ ಮಾಡಿಸಿದರು. ಮುಂದಿನ ವರ್ಷ ಹೊರಬಂದ ಮೇಲೆ ರೇಡಿಯೋದವರು ಒಂದು ಬದಿಯನ್ನು ಪೂರ್ತಿ, ನಿಲ್ಲಿಸದೆ ಹಾಕೋಕೆ ಶುರು ಮಾಡಿದರು. ಬಿಲ್‌ಬೋರ್ಡ್ ಪಟ್ಟಿಯಲ್ಲಿ 66 ವಾರ ಇತ್ತು. ಅಲ್ಲಿ 'ಲಾಸ್ಟ್ ಸಮ್‌ವನ್' ಅನ್ನೋ ಹಾಡನ್ನು ಬ್ರೌನ್ ಹತ್ತು ನಿಮಿಷಕ್ಕೂ ಮೀರಿ ಎಳೀತಾರೆ, ಒಂದೊಂದು ಮಾತಿಗೂ ಒಂದೊಂದು ಚೀರಾಟ. ಅದೂ ನನಗೆ ಪ್ರಾಣ. ಆದರೆ ಅಲ್ಲಿ ಬ್ರೌನ್ ಜನರನ್ನು ಆಡಿಸ್ತಾರೆ. ಯಾವಾಗ ಕೂಗಬೇಕು, ಯಾವಾಗ ಉಸಿರು ಬಿಗಿಹಿಡಿಯಬೇಕು ಅನ್ನೋದು ಅವರ ಕೈಯಲ್ಲಿದೆ. ಹ್ಯಾಥವೇಯ ಕೋಣೆ ಬೇರೆ ಥರ.

— ಹೇಗೆ ಬೇರೆ? ಅದನ್ನು ಬಿಡಿಸಿ ಹೇಳು.

— ನಾಲ್ಕನೇ ಹಾಡು ಜ್ಞಾಪಿಸಿಕೊಳ್ಳಿ. 'ಯೂವ್ ಗಾಟ್ ಎ ಫ್ರೆಂಡ್'. ಬರೆದವರು ಕ್ಯಾರೊಲ್ ಕಿಂಗ್. ಅವರ ಆಲ್ಬಮ್ 'ಟ್ಯಾಪೆಸ್ಟ್ರಿ' ಬಂದದ್ದು 1971ರ ಫೆಬ್ರವರಿ. ಜೇಮ್ಸ್ ಟೇಲರ್ ಹಾಡಿದ್ದು ಅದೇ ಬೇಸಿಗೆಯಲ್ಲಿ ಅಮೆರಿಕದ ಪಟ್ಟಿಯ ತುದಿಗೆ ಏರಿತು. ಹ್ಯಾಥವೇ ಮತ್ತು ಫ್ಲ್ಯಾಕ್ ಸೇರಿ ಹಾಡಿದ್ದೂ ಆ ವರ್ಷವೇ ಬಂದಿತ್ತು. ಅಂದರೆ ಟ್ರುಬಡೂರಿನ ಆ ರಾತ್ರಿಗೆ ಹಾಡಿಗೆ ಇನ್ನೂ ಒಂದು ವರ್ಷ ತುಂಬಿಲ್ಲ. ಆದರೂ ಅವನು ಮೊದಲ ಮಾತು ಎತ್ತಿದ ಕೂಡಲೇ ಗುರುತು ಹಿಡಿದು ಕೂಗ್ತಾರಲ್ಲ, ಅದು ಬಹಳ ದಿನ ಕಾಣದ ಸ್ನೇಹಿತೆ ಬಾಗಿಲಲ್ಲಿ ನಿಂತಾಗ ಬರೋ ಕೂಗು.

— ನಮ್ಮ ಕಛೇರಿಗೆ ಬರೋರಿಗೂ ಕೃತಿಗಳೆಲ್ಲ ಗೊತ್ತು. ಆದರೆ ಅವು ಇನ್ನೂರು ವರ್ಷದ ಹಳೆಯವು, ಮನೆಯಲ್ಲಿ ಅಮ್ಮ ಅಜ್ಜಿ ಹಾಡಿ ಬಂದವು. ಆರು ತಿಂಗಳಲ್ಲಿ ಒಂದು ಹಾಡು ಅಷ್ಟು ಜನರ ಬಾಯಿಗೆ ಬಂತು ಅಂದರೆ ಅದು ದೊಡ್ಡ ಸಂಗತಿಯೇ.

— ಪೂರ್ತಿ ಆಲ್ಬಮ್ ಹಾಗೇ ಇದೆ. ಮೊದಲ ಹಾಡು 'ವಾಟ್ಸ್ ಗೋಯಿಂಗ್ ಆನ್', ಮಾರ್ವಿನ್ ಗೇ ಅವರದ್ದು. ವಿಯೆಟ್ನಾಮ್ ಯುದ್ಧ, ಬೀದಿಯಲ್ಲಿ ಪೊಲೀಸರ ಹೊಡೆತ, ಅದರ ನೋವಿನ ಹಾಡು. ಅದರ ಹೆಸರಿನದೇ ಆಲ್ಬಮ್ ಬಂದದ್ದು 1971ರ ಮೇ, ಇವನು ಹಾಡಿದ್ದು ಆಗಸ್ಟ್. 'ಜೆಲಸ್ ಗೈ' ಜಾನ್ ಲೆನನ್ ಅವರದ್ದು, ಸೆಪ್ಟೆಂಬರಿನಲ್ಲಿ ಬಂದದ್ದು. ಅಕ್ಟೋಬರಿಗೆ ಇವನು ಬಿಟರ್ ಎಂಡ್‌ನಲ್ಲಿ ಅದನ್ನು ಚರ್ಚಿನ ಹಾಡನ್ನಾಗಿ ಮಾಡಿಬಿಟ್ಟಿದ್ದ. ಆ ವರ್ಷ ಜನರ ಎದೆಯಲ್ಲಿ ಏನು ಓಡಾಡ್ತಿತ್ತೋ ಅದನ್ನೇ ಎತ್ತಿಕೊಂಡು ಅವರ ಎದುರಿಗೇ ಇಟ್ಟ.

— ನಾಲ್ಕನೇ ಹಾಡಿಗೆ ವಾಪಸ್ಸು ಬಾ. ಪಲ್ಲವಿ ಬಂದಾಗ ಅವನು ಹಾಡೋದನ್ನು ಬಿಟ್ಟ.

— ಬಿಟ್ಟ. ಜನ ಹಾಡಿದರು.

— ತಡಿ, ಇಲ್ಲಿ ನಾನು ಹೇಳಬೇಕು. ಬಿಟ್ಟ ಅಷ್ಟೇ ಅಲ್ಲ. ಎಷ್ಟೋ ಹಾಡುಗಾರರು ಮೈಕನ್ನು ಜನರ ಕಡೆ ತಿರುಗಿಸ್ತಾರೆ, ನೀವು ಹಾಡಿ ಅಂತ. ಹಾಗೆ ತಿರುಗಿಸಿ ತಾವು ಸುಮ್ಮನಾಗ್ತಾರೆ, ಇಲ್ಲವೇ ಅವರ ಮೇಲೆ ಇನ್ನಷ್ಟು ಜೋರು ಮಾಡ್ತಾರೆ. ಇವನು ಎರಡೂ ಮಾಡಲಿಲ್ಲ. ಅವನ ಎಡಗೈ, ಬಲಗೈ ಏನು ಮಾಡ್ತಿದ್ದವು ಕೇಳಿದೆಯಾ? ಪಿಯಾನೋದ ಧ್ವನಿ ತಗ್ಗಿತು. ಜನ ಎಳೆದ ಕಡೆ ಅವನೂ ಎಳೆದ. ಸಾಲು ಮುಗಿಯೋ ಕಡೆ, ಅವರ ಉಸಿರು ಮುಗಿದ ಮೇಲೆ, ಒಂದು ಸಣ್ಣ ತುಂಬು ಕೊಟ್ಟು ಮುಂದಿನ ಸಾಲಿಗೆ ಎತ್ತಿಕೊಟ್ಟ. ಅದು ಪಕ್ಕವಾದ್ಯ ಮಗಳೇ, ಅಪ್ಪಟ ಪಕ್ಕವಾದ್ಯ. ಜೀವಮಾನವೆಲ್ಲ ನಾನು ಮಾಡಿದ ಕೆಲಸ ಅದು, ನನಗೆ ಗೊತ್ತಾಗದೆ ಇರುತ್ತಾ? ಮುಖ್ಯ ಗಾಯಕ ತನ್ನ ಜಾಗದಿಂದ ಒಂದು ಮೊಳ ಸರಿದು ಕೂತ. ಆ ಎರಡು ನಿಮಿಷಕ್ಕೆ ಮುಖ್ಯ ಕಲಾವಿದರು ಟಿಕೆಟ್ ಕೊಂಡು ಬಂದವರು. ಅವನು ಅವರಿಗೆ ನುಡಿಸಿದ.

— ನಾನು ಇಷ್ಟು ಸಲ ಕೇಳಿದ್ದೀನಿ, ಜನ ಚೆನ್ನಾಗಿ ಹಾಡ್ತಾರೆ ಅಂತಲೇ ಕೇಳಿದ್ದೀನಿ. ಅವನ ಕೈ ಕಡೆ ಕಿವಿ ಹೋಗಿರಲಿಲ್ಲ.

— ಜನ ಅಷ್ಟು ಚೆನ್ನಾಗಿ ಹಾಡಿದ್ದೇ ಅದಕ್ಕೆ. ಒಳ್ಳೆಯ ಪಕ್ಕವಾದ್ಯ ಸಿಕ್ಕರೆ ಸಾಧಾರಣ ಕಂಠದವರೂ ಶ್ರುತಿಗೆ ನಿಲ್ತಾರೆ. ಆ ಹೆಂಗಸರ ಧ್ವನಿ ಎಲ್ಲೂ ಚದುರಲಿಲ್ಲ. ನೂರಾರು ಜನ ಅಭ್ಯಾಸ ಇಲ್ಲದೆ ಹಾಡಿದರೆ ಸಾಮಾನ್ಯವಾಗಿ ಎಳೆದುಕೊಂಡು ಹೋಗುತ್ತೆ, ಲಯ ಸಡಿಲವಾಗುತ್ತೆ. ಇಲ್ಲಿ ಕೆಳಗೆ ಯಾರೋ ಹಿಡಿದು ಕೂತಿದ್ದಾರೆ. ಡ್ರಮ್ಸ್ ಯಾರದ್ದು?

— ಫ್ರೆಡ್ ವೈಟ್. ಆಗ ಅವನಿಗೆ 16 ವರ್ಷ.

— ಹದಿನಾರಾ!

— ಹುಟ್ಟಿದ್ದು 1955ರ ಜನವರಿ. ಮುಂದೆ ಅಣ್ಣ ಮಾರಿಸ್ ವೈಟ್ ಕಟ್ಟಿದ 'ಅರ್ಥ್, ವಿಂಡ್ ಅಂಡ್ ಫೈರ್' ಬ್ಯಾಂಡಿಗೆ ಸೇರಿದ.

— ಆ ವಯಸ್ಸಿನ ಹುಡುಗ ಕೈಯಲ್ಲಿರೋದನ್ನೆಲ್ಲ ತೋರಿಸೋಕೆ ಹೋಗ್ತಾನೆ. ನಾನಂತೂ ಆ ವಯಸ್ಸಿನಲ್ಲಿ ಪಲ್ಲವಿಯೊಳಗೇ ಮೋರಾ ತುರುಕ್ತಿದ್ದೆ, ಗುರುಗಳು ಕಣ್ಣಲ್ಲೇ ತಡೀತಿದ್ದರು. ಈ ಹುಡುಗ ಬೇಕಾದ ಪೆಟ್ಟು ಬಿಟ್ಟು ಒಂದು ಪೆಟ್ಟು ಹೆಚ್ಚು ಹಾಕಿಲ್ಲ. ಯಾರು ಕಲಿಸಿದರೋ ಅವರಿಗೆ ಕೈ ಮುಗೀಬೇಕು.

— ಇನ್ನು ನನ್ನ ದೇವರ ವಿಷಯ ಹೇಳಲಾ? ಕೊನೇ ಹಾಡು, 'ವಾಯ್ಸಸ್ ಇನ್‌ಸೈಡ್'. ಹದಿಮೂರು ನಿಮಿಷ ಮುಕ್ಕಾಲು. ಅದರಲ್ಲಿ ಹ್ಯಾಥವೇ ಹಾಡೋದು ಸ್ವಲ್ಪವೇ. ಉಳಿದದ್ದೆಲ್ಲ ಸರದಿಯ ಮೇಲೆ ಬೇರೆಯವರಿಗೆ ಕೊಟ್ಟ. ಹೆಸರು ಹೇಳಿ ಕರೀತಾನೆ, ಅವರು ಮುಂದೆ ಬರ್ತಾರೆ. ಗಿಟಾರಿಗೆ ಮೈಕ್ ಹೋವರ್ಡ್, ಆಮೇಲೆ ಕಾರ್ನೆಲ್ ಡುಪ್ರೀ. ಈ ಡುಪ್ರೀ ಸ್ಯಾಕ್ಸೊಫೋನಿನ ಕಿಂಗ್ ಕರ್ಟಿಸ್ ಬ್ಯಾಂಡಿನಲ್ಲಿದ್ದವರು. ಮೊದಲ ಬದಿಯಲ್ಲಿ ಆ ಜಾಗ ಷಿಕಾಗೊದ ಫಿಲ್ ಅಪ್‌ಚರ್ಚ್ ಅವರದ್ದು. ಕೊನೆಗೆ ಬಾಸ್ ಗಿಟಾರಿನ ವಿಲಿ ವೀಕ್ಸ್. ದೇಶದಲ್ಲೇ ಇವನನ್ನು ಮೀರಿಸೋ ಬಾಸ್ ವಾದಕ ಇಲ್ಲ ಅನ್ನೋ ಹಾಗೆ ಹೊಗಳಿ ಹೆಸರು ಹೇಳ್ತಾನೆ ಹ್ಯಾಥವೇ. ಆಮೇಲೆ ಬರೋದನ್ನು ಬಾಸ್ ಕಲಿಯೋರು ಪ್ರಪಂಚದ ಎಲ್ಲ ಮೂಲೆಗಳಲ್ಲೂ ಒಂದೊಂದು ಸ್ವರ ಬಿಡಿಸಿ ಬರೆದುಕೊಂಡು ಕಲೀತಾರೆ. ನಾನೂ ಕಲಿತೆ. ಬೆರಳಿಗೆ ಬಂತು, ಅವನ ನಿಧಾನ ಬರಲಿಲ್ಲ.

— ಅದನ್ನೇ ನಾನು ಕೇಳಿದ್ದು. ಅಷ್ಟು ಹೊಗಳಿ ಹೆಸರು ಹೇಳಿದ ಮೇಲೆ ಯಾರೇ ಆಗಲಿ ಧಡಧಡ ಅಂತ ಮಳೆ ಸುರಿಸ್ತಾರೆ. ಅವನು ಒಂದು ಸಣ್ಣ ಮಾತು ಆಡಿ ನಿಲ್ಲಿಸಿದ. ಮತ್ತೆ ಅದೇ ಮಾತು, ಕೊನೆ ಮಾತ್ರ ಬೇರೆ. ನಡುವೆ ಜಾಗ ಬಿಟ್ಟ, ಆ ಜಾಗಕ್ಕೆ ಜನ ಬಂದರು. ಇವನು ಒಂದು ಸಾಲು, ಅವರು ಒಂದು ಕೂಗು. ಅವರ ಕೂಗು ಇವನಿಗೆ ಮುಂದಿನ ಸಾಲು ಹೇಳಿಕೊಡ್ತಾ ಇತ್ತು. ನಮ್ಮ ಲಯವಾದ್ಯದವರ ಸರದಿ, ತನಿ ಆವರ್ತನ, ಅಂದರೆ ಹೀಗಿರಬೇಕು.

— ನಿಮ್ಮ ತನಿಯಲ್ಲೂ ಹೀಗಾಗಿದೆಯಾ?

— ಒಂದು ಮಾತು ಹೇಳ್ತೀನಿ, ಇದನ್ನು ಬೇಸರದಿಂದ ಹೇಳ್ತಾ ಇಲ್ಲ ಅಂತಲ್ಲ, ಬೇಸರದಿಂದಲೇ ಹೇಳ್ತಾ ಇದ್ದೀನಿ. ಗಾಯಕರು ಕೃತಿ ಮುಗಿಸಿ, ತಾಳ ಹಾಕ್ತಾ, ನಮ್ಮ ಕಡೆ ತಿರುಗಿ ತಲೆ ಆಡಿಸ್ತಾರೆ ನೋಡು, ಆ ಗಳಿಗೆಗೆ ಸಭೆಯಲ್ಲಿ ಒಂದಷ್ಟು ಕುರ್ಚಿ ಸದ್ದಾಗುತ್ತೆ. ಕಾಫಿಗೆ ಏಳ್ತಾರೆ. ಎಲ್ಲ ಕಡೆ ಅಲ್ಲ. ರಾಮನವಮಿಗೆ ಬೆಂಗಳೂರಿನ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಲೆಕ್ಕ ಹಿಡಿದು ಕೂತು ಕೇಳಿ, ಮುಕ್ತಾಯಕ್ಕೆ ಸರಿಯಾಗಿ ಕೈ ಹಾಕೋ ಜನರನ್ನೂ ಕಂಡಿದ್ದೀನಿ. ಅಂಥವರು ಹತ್ತು ಜನ ಕಂಡರೂ ಸಾಕು, ಆವತ್ತು ಕೈಗೆ ಬರದೇ ಇದ್ದದ್ದೂ ಬರುತ್ತೆ. ಆದರೆ ಎದ್ದು ಹೋಗೋರ ಬೆನ್ನು ನೋಡಿ ನುಡಿಸೋದೂ ನಮ್ಮ ಪಾಲಿಗೆ ಇದೆ. ಈ ವಿಲಿ ವೀಕ್ಸ್ ನುಡಿಸೋವಾಗ ಒಬ್ಬರೂ ಎದ್ದ ಹಾಗಿಲ್ಲ. ಬಾಸ್ ಅನ್ನೋದು ತಳದ ವಾದ್ಯ, ಜನ ಅದನ್ನು ಕೇಳ್ತಾ ಇದ್ದೀವಿ ಅಂತ ತಿಳಿಯದೇ ಕೇಳೋ ವಾದ್ಯ. ಅದಕ್ಕೆ ಆ ಜನ ಕೊಟ್ಟ ಗೌರವ ಇದೆಯಲ್ಲ, ಅದಕ್ಕೋಸ್ಕರ ಅವರ ಗದ್ದಲವನ್ನೆಲ್ಲ ನಾನು ಕ್ಷಮಿಸಿದೆ. ಕ್ಷಮಿಸೋದೇನು, ಅದು ಬೇಕು ಅಂತಲೇ ಒಪ್ಪಿದೆ.

— ಈಗ ಕಡ ತಂದ ಉತ್ಸಾಹ ಅಂತೀರಾ?

— ಆ ಮಾತು ಪೂರ್ತಿ ವಾಪಸ್ಸು ತಗೊಳ್ಳೋದಿಲ್ಲ. ಸ್ವಲ್ಪ ತಿದ್ದುತ್ತೀನಿ. ಪಕ್ಕದವನು ತಲೆದೂಗಿದ ಅಂತ ತಲೆದೂಗೋರು ಇದ್ದೇ ಇರ್ತಾರೆ. ಆದರೆ ಈ ರೆಕಾರ್ಡಿನಲ್ಲಿ ಕೇಳುಗರೂ ನುಡಿಸ್ತಾ ಇದ್ದಾರೆ. ಹಾಡುಗಾರನನ್ನು ಮೆಚ್ಚೋದು ಕಡ ಅಲ್ಲ ಅಂದಮೇಲೆ ಇವರನ್ನು ಮೆಚ್ಚೋದು ಹೇಗೆ ಕಡ ಆಗುತ್ತೆ?

— ನನಗೂ ಒಂದು ಭಯ ಇದೆ ದೊಡ್ಡಪ್ಪ, ಬೇರೆ ಥರದ್ದು. ಹ್ಯಾಥವೇ ಹೇಗೆ ಹೋದ ಅನ್ನೋದು ಗೊತ್ತಾದ ಮೇಲೆ ಬಹಳ ಜನ ಈ ಆಲ್ಬಮ್ಮನ್ನು ಅದೇ ಕಣ್ಣಲ್ಲಿ ನೋಡ್ತಾರೆ. ಅವನಿಗೆ ಸ್ಕಿಜೊಫ್ರೇನಿಯಾ ಇತ್ತು. ಆಸ್ಪತ್ರೆ, ಔಷಧಿ ಅಂತ ವರ್ಷಗಟ್ಟಲೆ ಕಷ್ಟಪಟ್ಟ. 1979ರ ಜನವರಿ 13ರಂದು ನ್ಯೂಯಾರ್ಕಿನ ಎಸೆಕ್ಸ್ ಹೌಸ್ ಹೋಟೆಲಿನ ಹದಿನೈದನೇ ಮಹಡಿಯಿಂದ ಬಿದ್ದು ತೀರಿಕೊಂಡ. 33 ವರ್ಷ. ಆಮೇಲೆ ಅವನು ಹಾಡಿದ ಒಂದೊಂದು ಸಾಲಿನಲ್ಲೂ ಜನ ನೋವು ಹುಡುಕೋಕೆ ಶುರು ಮಾಡಿದರು. ಈ ರೆಕಾರ್ಡಿನಲ್ಲಿ ಇರೋದು 25, 26 ವರ್ಷದ ಹುಡುಗನ ಖುಷಿ. ಜೊತೆಯವರ ಹೆಸರು ಹೇಳೋವಾಗ ಅವನ ಧ್ವನಿಯಲ್ಲಿ ನಗು ಇದೆ. ಅದನ್ನು ಅದಾಗಿ ಕೇಳಿಸಿಕೊಳ್ಳಬೇಕು ಅಂತ ನನಗೆ ಹಟ.

— ಹಟ ಸರಿಯಾಗಿದೆ. ಆಗಿನ್ನೂ ನಡೆಯದೇ ಇದ್ದದ್ದನ್ನು ಹಿಂದಕ್ಕೆ ಒಯ್ದು ಸೇರಿಸಬಾರದು. ಮಕ್ಕಳು ಇದ್ದರಾ?

— ಹೆಣ್ಣುಮಕ್ಕಳು. ಅವರಲ್ಲಿ ಲೇಲಾ ಹ್ಯಾಥವೇ ದೊಡ್ಡ ಗಾಯಕಿ. ಅಪ್ಪ ಹೋದಾಗ ಹತ್ತು ವರ್ಷದ ಹುಡುಗಿ. 2015ರಲ್ಲಿ ಅವರೂ ಒಂದು ಲೈವ್ ಆಲ್ಬಮ್ ಹೊರತಂದರು, ಬೇಕೆಂತಲೇ ಅದೇ ಟ್ರುಬಡೂರಿನಲ್ಲಿ ರೆಕಾರ್ಡ್ ಮಾಡಿಸಿ. ಅಪ್ಪನ 'ಲಿಟಲ್ ಘೆಟ್ಟೋ ಬಾಯ್' ಅದರಲ್ಲಿದೆ, ಅದಕ್ಕೆ ಗ್ರ್ಯಾಮಿ ಪ್ರಶಸ್ತಿ ಬಂತು. ಅಪ್ಪ ಆ ಹಾಡನ್ನು ಹಾಡಿದ್ದು ನ್ಯೂಯಾರ್ಕಿನ ಕೋಣೆಯಲ್ಲಿ, ಮಗಳು ಲಾಸ್ ಏಂಜಲೀಸಿನದಕ್ಕೆ ತಂದರು.

— ಬಡ ಬೀದಿಯ ಹುಡುಗನಿಗೆ ಹೇಳೋ ಹಾಡು ಅದು, ಅಲ್ಲವಾ? ಎಲ್ಲ ಹಾಡುಗಳಲ್ಲಿ ಅದರಲ್ಲೇ ಜನ ಹೆಚ್ಚು ಗಂಭೀರವಾಗಿ ಕೇಳಿದ ಹಾಗಿತ್ತು. ಟ್ರುಬಡೂರಿನವರು ಹಾಡ್ತಾರೆ, ಬಿಟರ್ ಎಂಡ್‌ನವರು ಉತ್ತರ ಕೊಡ್ತಾರೆ. ನಿನಗೆ ಯಾವ ಕೋಣೆ ಮೇಲು?

— ನ್ಯೂಯಾರ್ಕಿನದೇ. ನಾನು ಬಾಸ್ ನುಡಿಸೋಳು, ವಿಲಿ ವೀಕ್ಸ್‌ಗೆ ಅಷ್ಟು ಜಾಗ ಕೊಟ್ಟ ಜನರನ್ನು ಬಿಟ್ಟು ಬೇರೆ ಯಾರನ್ನು ಹೇಳಲಿ? ಅದೂ ಅಲ್ಲದೆ ನಿಧಾನದ ಹಾಡುಗಳಲ್ಲಿ, 'ವಿ ಆರ್ ಸ್ಟಿಲ್ ಫ್ರೆಂಡ್ಸ್' ಥರದವುಗಳಲ್ಲಿ, ಎಲ್ಲಿ ಬಾಯಿ ಹಾಕಬಾರದು ಅನ್ನೋದೂ ಅವರಿಗೆ ಗೊತ್ತು. 2013ರಲ್ಲಿ ಅವನ ಹಾಡುಗಳ ದೊಡ್ಡ ಸಂಗ್ರಹ ಬಂತು, ಬಿಟರ್ ಎಂಡ್‌ನ ಅದೇ ದಿನಗಳ, ಮೊದಲು ಹೊರಬಾರದೇ ಇದ್ದ ರೆಕಾರ್ಡಿಂಗು ಒಂದು ಡಿಸ್ಕಿನ ತುಂಬಾ ಇದೆ ಅದರಲ್ಲಿ.

— ನನಗೆ ಟ್ರುಬಡೂರು. ವಾದ್ಯಕ್ಕೆ ಜಾಗ ಕೊಡೋ ಜನ ಪುಣ್ಯವಿದ್ದರೆ ಇನ್ನೂ ಕೆಲವು ಕಡೆ ಸಿಕ್ಕಾರು. ಪಕ್ಕವಾದ್ಯದ ಸುಖವನ್ನು ಗಾಯಕನಿಗೆ ಕೊಟ್ಟ ಜನ ಎಲ್ಲಿ ಸಿಗ್ತಾರೆ? ಆ ಡಿಸ್ಕ್ ನಿನ್ನ ಹತ್ತಿರ ಇದೆಯಾ?

— ಇದೆ. ಯಾಕೆ ದೊಡ್ಡಪ್ಪ?

— ಈ ರೆಕಾರ್ಡಿಗೆ ಆರಿಸದೆ ಬಿಟ್ಟ ಹೊತ್ತಿನಲ್ಲಿ ಆ ಹದಿನಾರರ ಹುಡುಗ ಹೇಗೆ ನುಡಿಸಿದ್ದ ಅಂತ ಕೇಳಬೇಕು. ಚಪ್ಪಾಳೆ ಎಲ್ಲಿ ಬೀಳುತ್ತೆ ಅನ್ನೋದನ್ನೂ ನೋಡಬೇಕು. ಮೊದಲು ಇದರ ನಾಲ್ಕನೇ ಹಾಡು ಇನ್ನೊಂದು ಸಲ ಹಾಕು, ಅವನ ಕೈ ಕಡೆ ಗಮನ ಇಟ್ಟು ಕೇಳು. ಆಮೇಲೂ ನ್ಯೂಯಾರ್ಕೇ ಮೇಲು ಅಂತೀಯಾ ಅಂದರೆ ವಾದ ಮಾಡೋಣ.